ಗುಡ್ಡ ಕಾಣದ ದಿನದ ಮಾತು

ನನ್ನ ಗಂಡನ ಮನೆಯ ಎದುರಿಗೆ ಚಂದ್ರಗುತ್ತಿಯ ಗುಡ್ಡವಿದೆ. ಇದೆ ಎಂದು ಹೇಳುವುದು ನಂಬಿಕೆಯ ಮೇಲೆ, ಏಕೆಂದರೆ ಮಳೆ ಹಿಡಿಯಿತೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೋಡ ಬಂದು ಅದರ ತಲೆಯ ಮೇಲೆ ಕೂತರೆ ದೀಪಾವಳಿ ಹತ್ತಿರವಾಗುವ ತನಕ ಏಳುವುದೇ ಅಪರೂಪ. ಆ ದಿನಗಳಲ್ಲಿ ಮನೆಗೆ ಬಂದ ನೆಂಟರಿಗೆ ನಮ್ಮ ಮಾವ ನಾಗರಾಜಪ್ಪನವರು ಜಗಲಿಯಲ್ಲಿ ಕೂತು ಬೆಳ್ಳಗಿನ ಆಕಾಶದತ್ತ ಕೈ ಚಾಚಿ, "ಅಗೋ ಅಲ್ಲೈತೆ ನೋಡಿ, ಮೋಡ ಹೋದ್ರೆ ಕೋಟೆ ಗೋಡೆ ಸೈತ ಕಾಣ್ತದೆ" ಎನ್ನುತ್ತಾರೆ. ನೆಂಟರು ಮರ್ಯಾದಸ್ಥರು. ಏನೂ ಇಲ್ಲದ ಕಡೆ ನೋಡಿ, ಚಂದ ಇದೆ ಎಂದು ಒಪ್ಪಿಕೊಂಡು ಕಾಫಿ ಕುಡಿಯುತ್ತಾರೆ.

ನಾನು ಶಿಕಾರಿಪುರದವಳು. ನಮ್ಮೂರಲ್ಲಿ ಇರುವುದು ಕೆರೆ. ಅದು ತುಂಬಬಹುದು, ಬತ್ತಬಹುದು, ಆದರೆ ಬೆಳಿಗ್ಗೆ ಎದ್ದು ನೋಡಿದರೆ ಇದ್ದಲ್ಲೇ ಇರುತ್ತದೆ. ಮೇಲಾಗಿ ನಾನು ಪರವಾನಗಿ ಪಡೆದ ಸರ್ವೇಯರ್. ಗಡಿ ತೋರಿಸುವ ಬಾಂದಿನ ಕಲ್ಲನ್ನು ಎಲ್ಲಿ ನೆಟ್ಟಿದ್ದಾರೋ ಅದು ಅಲ್ಲೇ ಇದೆ ಎಂದು ನಂಬಿ ಬದುಕುವ ಜಾತಿ ನನ್ನದು. ಅದರ ಮೇಲೆ ಮುಳ್ಳು ಬೆಳೆದಿರಲಿ, ಯಾರಾದರೂ ಸಗಣಿ ಸುರಿದಿರಲಿ, ಕಲ್ಲು ಕಲ್ಲೇ. ಇಂಥವಳನ್ನು, ಕಾಣದ ಗುಡ್ಡ ಇಲ್ಲದ ಗುಡ್ಡ ಎಂದು ನಂಬುವ ಊರಿಗೆ ಕೊಟ್ಟರು.

ಊರಿನ ಹೆಸರು ಬಿದಿರಕೊಪ್ಪ. ಅಲ್ಲೊಂದು ಪದ್ಧತಿ ಇದೆ, ಪಕ್ಕದ ಊರಿನವರಿಗೂ ಅದರ ತಲೆಬುಡ ಗೊತ್ತಿಲ್ಲ. ಒಬ್ಬರು ಇನ್ನೊಬ್ಬರಿಗೆ ಮಾತು ಕೊಡುವಾಗ ಗುಡ್ಡದ ತಲೆ ಕಾಣುತ್ತಿರಬೇಕು. ಕಂಡರೆ ಅದು ಗಟ್ಟಿ ಮಾತು, ಗುಡ್ಡವೇ ಸಾಕ್ಷಿ, ಏನೇ ಆದರೂ ತಪ್ಪುವಂತಿಲ್ಲ. ಕಾಣದಿದ್ದರೆ ಅದು ಮೋಡದ ಮಾತು. ಅದನ್ನು ನಡೆಸಿಕೊಡು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವರಿಗೇ ಬುದ್ಧಿ ಇಲ್ಲ.

ಇದರ ಪರಿಣಾಮವಾಗಿ ಮಳೆಗಾಲದಲ್ಲಿ ಬಿದಿರಕೊಪ್ಪದಷ್ಟು ಧಾರಾಳದ ಊರು ಇಡೀ ಜಿಲ್ಲೆಯಲ್ಲಿ ಇರಲಾರದು. ಒಬ್ಬ ಅಂಗನವಾಡಿಗೆ ಜಾಗ ಬಿಟ್ಟುಕೊಡುತ್ತಾನೆ. ಇನ್ನೊಬ್ಬ ಬೇಲಿಯನ್ನು ಹಿಂದಕ್ಕೆ ಹಾಕುತ್ತಾನೆ. ಎಷ್ಟೋ ವರ್ಷದಿಂದ ಮುಖ ನೋಡದ ಅಣ್ಣ ತಮ್ಮಂದಿರು ಸೋರುವ ಮಾಡಿನ ಕೆಳಗೆ ನಿಂತು ಇನ್ನು ಮುಂದೆ ಹಬ್ಬಕ್ಕೆ ಒಂದೇ ಒಲೆ ಎನ್ನುತ್ತಾರೆ. ಓಟು ಕೇಳಲು ಬಂದವರು ಕೂಡ ಮಳೆಗಾಲದಲ್ಲಿ ಬಂದರೆ ಊರವರು ಖುಷಿಯಾಗಿ, ಎಲ್ಲರೂ ನಿಮಗೇ ಹಾಕುತ್ತೇವೆ ಎಂದು ಕಳಿಸುತ್ತಾರೆ. ಆಮೇಲೆ ಕಾರ್ತೀಕದ ಬಿಸಿಲಿಗೆ ಮೋಡ ಚದುರಿ ಗುಡ್ಡ ತಲೆಯೆತ್ತಿತೋ, ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಊಟಕ್ಕೆ ಬರ್ತೀರಾ ಎಂದರೂ ಸಿಗುವ ಉತ್ತರ ಒಂದೇ, "ನೋಡಾಣ."

ಇದರಲ್ಲಿ ತಕರಾರು ಹುಟ್ಟದೆ ಇರುತ್ತದೆಯೇ? ಗುಡ್ಡದ ತಲೆ ಕಂಡಿತ್ತು ಎಂದು ಒಬ್ಬ, ಭುಜದ ತನಕ ಮಾತ್ರ ಎಂದು ಇನ್ನೊಬ್ಬ. ಹಾಗಾಗಿ ಕಂಡಿತೋ ಇಲ್ಲವೋ ಎಂದು ಹೇಳುವ ಹಕ್ಕನ್ನು ಹಿಂದಿನವರು ನಮ್ಮ ಮಾವನ ಮನೆಗೆ ಕೊಟ್ಟಿದ್ದಾರೆ. ಅವರ ಜಗಲಿ ಗುಡ್ಡಕ್ಕೆ ನೇರ. ಮನೆಯ ಹಿರಿಯ ಅಲ್ಲಿ ಕೂತು "ಕಾಣ್ತು" ಎಂದರೆ ಕಂಡಂತೆ, "ಮೋಡ" ಎಂದರೆ ಮೋಡ. ಮಾವ ಈ ಒಂದೊಂದೇ ಪದವನ್ನು ಗಂಟಲು ಸರಿಮಾಡಿಕೊಂಡು, ಕತ್ತು ನಿಧಾನಕ್ಕೆ ಎತ್ತಿ ಹೇಳುವುದನ್ನು ನೋಡಿದರೆ ಗುಡ್ಡವನ್ನು ಅವರೇ ಹೊತ್ತು ತಂದು ನಿಲ್ಲಿಸಿದ್ದಾರೆ ಅನ್ನಿಸಬೇಕು.

ನಮ್ಮಪ್ಪ ಭೀಮಣ್ಣನಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಮನೆ ನೋಡುವ ಶಾಸ್ತ್ರಕ್ಕೆ ಬಿದಿರಕೊಪ್ಪಕ್ಕೆ ಬಂದದ್ದು ಶ್ರಾವಣದಲ್ಲಿ. ಎದುರಿಗೆ ಗುಡ್ಡವಿರಲಿ, ದಾರಿಯಾಚೆಯ ಮನೆಯೇ ಮಸಕಾಗಿತ್ತಂತೆ. ಹುಡುಗ ಚೌಡೇಶ್ ಹಾಲಿನ ಡೈರಿಯ ಕಾರ್ಯದರ್ಶಿ, ಸಾಧು, ಗದ್ದೆ ಇದೆ. ಅಪ್ಪ ಎಲ್ಲವನ್ನೂ ಒಪ್ಪಿ ಕೊನೆಗೆ ಒಂದೇ ಮಾತು ಕೇಳಿದ್ದರು.

"ಬೀಗರ, ನಮ್ಮ ಹುಡುಗಿ ಓದಿ ಕೆಲಸ ಹಿಡ್ದಾಳ್ರಿ. ಮದುವಿ ಆತು ಅಂತ ಬಿಡಿಸಬ್ಯಾಡ್ರಿ. ಸೊರಬದ ಆಫೀಸಿಗೆ ಹಾಕಿಸ್ಕೊಂಡು ಹೋಗಿ ಬರ್ತಾಳ."

"ಅದ್ಯಾಕೆ ಬಿಡಿಸಾಣ," ಎಂದಿದ್ದರು ಮಾವ, ಎದೆಯ ಮೇಲೆ ಕೈಯಿಟ್ಟು. "ನಮ್ಮನೆ ಸೊಸೆ ಅಳತೆ ಮಾಡಕ್ಕೆ ಹೋಗ್ತಾಳೆ ಅಂದ್ರೆ ನಮಗೇ ಹೆಮ್ಮೆ. ಮಾತು ಕೊಟ್ಟೆ ತಗಳಿ."

ಅಪ್ಪ ಕಣ್ಣು ಒರೆಸಿಕೊಂಡು ಬಂದರು. ಬೀಗರು ದೇವರಂಥವರು ಎಂದು ಬಸ್ಸಿನಲ್ಲೇ ಫೋನ್ ಮಾಡಿ ಹೇಳಿದರು. ಕಾರ್ತೀಕದಲ್ಲಿ ಮದುವೆಯಾಯಿತು. ವಾರ ಕಳೆದು, ಸೊರಬದ ಕಚೇರಿಗೆ ಯಾವತ್ತು ಹೋಗಲಿ ಎಂದು ನಾನು ಕೇಳಿದಾಗ ಮಾವ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದರು. ಗುಡ್ಡ ನಿಚ್ಚಳವಾಗಿ ನಿಂತಿತ್ತು. ನಿಜ ಹೇಳುತ್ತೇನೆ, ಅದು ಭವ್ಯವಾಗಿದೆ. ಮೊದಲ ಸಲ ಪೂರ್ತಿ ನೋಡಿದ ದಿನ ನಾನು ಹಿಡಿದಿದ್ದ ಪೊರಕೆಯನ್ನು ಹಾಗೇ ಹಿಡಿದು ನಿಂತಿದ್ದೆ. ಅಂಥ ಗುಡ್ಡದ ಎದುರು ಮಾವ ಹೇಳಿದ್ದು, "ನೋಡಾಣ."

ಆ ಪದದ ಅರ್ಥ ಬಿಡಿಸಿ ಹೇಳಿದವರು ನನ್ನ ಯಜಮಾನರು. ಹಾಲಿನ ಕ್ಯಾನು ತೊಳೆಯುತ್ತ ಮೆಲ್ಲಗೆ ಹೇಳಿದರು.

"ಅವತ್ತು ಮೋಡ ಇತ್ತಲ್ಲ ಮೈತ್ರಿ. ಅದು ಲೆಕ್ಕಕ್ಕಿಲ್ಲ."

"ಯಾವ ಲೆಕ್ಕಕ್ಕೆ?"

"ಮಾತಿನ ಲೆಕ್ಕಕ್ಕೆ. ನಿಮ್ಮಪ್ಪ ಕಾರ್ತೀಕದಲ್ಲಿ ಬರ್ಬೇಕಿತ್ತು."

ನನಗೆ ಬಂದ ಸಿಟ್ಟಿಗೆ ಆ ಕ್ಯಾನನ್ನು ಬಾವಿಗೆ ಎಸೆಯಬೇಕಿತ್ತು. ಹಾಗಿದ್ದರೆ ಮದುವೆ ಮಂಟಪದಲ್ಲಿ ನಿಮ್ಮ ಕೈಹಿಡಿದೆನಲ್ಲ, ಶಿಕಾರಿಪುರದ ಮಂಟಪದಿಂದ ನಿಮ್ಮ ಗುಡ್ಡ ಕಾಣುತ್ತಿತ್ತೇ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದೇ ನನಗೆ ಉರಿದದ್ದು. ಆಮೇಲೆ, ಮದುವೆಗೆ ಪುರೋಹಿತರಿದ್ದರು, ಅದು ಬೇರೆ ಎಂದರು. ಹೇಳದೆ ಕೇಳದೆ ಕೆಲಸಕ್ಕೆ ಹೋದರೆ ಸಂಜೆ ತಿರುಗಿ ಬರಲು ಮನೆ ಇರುವುದಿಲ್ಲ ಎಂಬುದನ್ನೂ ಅಷ್ಟೇ ಮೆತ್ತಗೆ ತಿಳಿಸಿದರು.

ಮಾವನಿಗೆ ನನ್ನ ಕೆಲಸದ ಮೇಲೆ ದ್ವೇಷವೇನಿರಲಿಲ್ಲ. ಸೊಸೆ ಅಳತೆಯ ಸರಪಳಿ ಹಿಡಿದು ಕಂಡವರ ಗದ್ದೆಯ ಬದು ಹತ್ತಿ ಇಳಿಯುವುದು ಮನೆತನಕ್ಕೆ ಒಪ್ಪುವುದಿಲ್ಲ, ಅಷ್ಟೇ. ಜೊತೆಗೆ ಬಿದಿರಕೊಪ್ಪದಲ್ಲಿ ಬೇಲಿಯನ್ನು ಒಂದಿಷ್ಟು ಆಚೆಗೆ ತಳ್ಳದ ಮನೆ ಇಲ್ಲ. ನಮ್ಮದೂ ಸೇರಿ. ಸರ್ವೇಯರಮ್ಮ ಅಡುಗೆಮನೆಯಲ್ಲಿ ಇದ್ದರೆ ಊರಿಗೆಲ್ಲ ಸುಖನಿದ್ರೆ.

ಹಾಗೆ ಅಡುಗೆಮನೆಯಲ್ಲಿದ್ದಾಗಲೇ ನನಗೆ ಚೊಂಬಿನ ವಿಷಯ ಗೊತ್ತಾದದ್ದು. ಮಾವ ಜಗಲಿಯಲ್ಲಿ ಪಂಚಾಯ್ತಿಗೆ ಕೂತಾಗಲೆಲ್ಲ ಅತ್ತೆ ಯಮುನಮ್ಮ ಒಂದು ಚೊಂಬು ನೀರು ತಂದು ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಒಂದೊಂದು ದಿನ ಬಲಕ್ಕೆ, ಒಂದೊಂದು ದಿನ ಎಡಕ್ಕೆ. ಮಾವ ಕೈಯಾಡಿಸಿ ಚೊಂಬು ಮುಟ್ಟುತ್ತಿದ್ದರು, ಕುಡಿಯುತ್ತಿರಲಿಲ್ಲ. ನಾನು ಇದನ್ನು ಗಮನಿಸಿಯೂ ಏನೂ ಅಂದುಕೊಂಡಿರಲಿಲ್ಲ. ಗಂಡಸರು ಮಾಡುವ ಎಷ್ಟೋ ಕೆಲಸಗಳಿಗೆ ನಾನು ಅರ್ಥ ಹುಡುಕುವುದಿಲ್ಲ.

ಮಾಘದಲ್ಲಿ ಒಂದು ಬೆಳಿಗ್ಗೆ ಕುಪ್ಪಗಡ್ಡೆಯ ಮಹಾಬಲ ಹೆಗಡೆಯವರು ಬಂದರು. ಅಡಿಕೆ ತೋಟದವರು, ಓದಿದವರು. ಅವರ ಟ್ರ್ಯಾಕ್ಟರು ನಮ್ಮೂರಿನ ದ್ಯಾಮಮ್ಮನ ಗದ್ದೆಯ ಅಂಚಿನಲ್ಲಿ ಹಾದುಹೋಗಲು ದಾರಿ ಬೇಕಿತ್ತು. ಊರವರೆಲ್ಲ ಒತ್ತಾಯ ಮಾಡಿ ದ್ಯಾಮಮ್ಮನಿಂದ "ಆತು, ಬಿಟ್ಟೆ" ಎನ್ನಿಸಿದ್ದರು. ಇನ್ನು ಮಾವ ಕಾಣ್ತು ಎಂದರೆ ಮುಗಿಯಿತು. ಅವತ್ತು ಕೊಟ್ಟಿಗೆಯಲ್ಲಿ ಹಸು ಕರು ಹಾಕುತ್ತಿತ್ತು, ಅತ್ತೆ ಅಲ್ಲಿದ್ದರು. ಮಾವ ನೀರು ಕೇಳಿದರಲ್ಲ ಎಂದು ನಾನೇ ಚೊಂಬು ತಂದೆ. ಬಲಗಡೆ ಹೆಗಡೆಯವರ ಚೀಲ ಇತ್ತು. ಎಡಕ್ಕಿಟ್ಟೆ.

ಮಾವ ಕೈಯಾಡಿಸಿದರು, ಚೊಂಬು ಮುಟ್ಟಿದರು, ಗಂಟಲು ಸರಿಮಾಡಿಕೊಂಡರು, ಕತ್ತು ಎತ್ತಿದರು.

"ಮೋಡ," ಎಂದರು.

ಹೊರಗೆ ಎಳೆ ಬಿಸಿಲು. ಗುಡ್ಡದ ಮೇಲಿನ ಗಿಡಗಳನ್ನು ಬೇಕಾದರೆ ಎಣಿಸಬಹುದಿತ್ತು. ಜಗಲಿಯಲ್ಲಿ ಕೂತವರೆಲ್ಲ ಒಮ್ಮೆ ಗುಡ್ಡ ನೋಡಿದರು, ಒಮ್ಮೆ ಮಾವನನ್ನು ನೋಡಿದರು. ಯಾರಾದರೊಬ್ಬರು ನಗುತ್ತಾರೆ ಎಂದು ಕಾದೆ. ಹೆಗಡೆಯವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಹೌದು," ಎಂದರು. "ನೆತ್ತಿ ಮೇಲೆ ತೆಳ್ಳಗೆ ಒಂದು ಪೊರೆ ಇದ್ದ ಹಾಗಿದೆ. ನಮಗೆಲ್ಲ ಅಷ್ಟು ಸೂಕ್ಷ್ಮ ಕಾಣುವುದಿಲ್ಲ ನೋಡಿ."

ಒಬ್ಬರಿಗೆ ಕಂಡ ಮೇಲೆ ಉಳಿದವರಿಗೂ ಕಾಣತೊಡಗಿತು. ಎಡಗಡೆ ಹೆಚ್ಚು ಇದೆ ಎಂದರು ಒಬ್ಬರು. ಬೆಳಿಗ್ಗೆಯಿಂದಲೇ ತನಗೆ ಅನುಮಾನ ಇತ್ತು ಎಂದರು ಮತ್ತೊಬ್ಬರು. ದಾರಿ ಬಿಡಲು ಮೊದಲಿಂದಲೂ ಮನಸ್ಸಿಲ್ಲದ ದ್ಯಾಮಮ್ಮ ಎಲ್ಲರಿಗಿಂತ ದಪ್ಪ ಮೋಡ ಕಂಡು ಎದ್ದು ಮನೆಗೆ ಹೋದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡೆ. ಚೊಂಬು ಬಲಕ್ಕಿದ್ದರೆ ಕಾಣ್ತು, ಎಡಕ್ಕಿದ್ದರೆ ಮೋಡ. ಬರೀ ಅದನ್ನು ನೆಚ್ಚಿ ಇಷ್ಟು ಬಿಸಿಲಿನಲ್ಲಿ ಮೋಡ ಎಂದವರಿಗೆ ಗುಡ್ಡ ಕಾಣುತ್ತಿಲ್ಲ ಎಂದು ಅರಿವಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವತ್ತೇ ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಅತ್ತೆಯನ್ನು ಕೇಳಿದೆ. ಅವರು ಕರುವಿನ ಮೈ ಒರೆಸುತ್ತಿದ್ದರು.

"ಮಾವಂಗೆ ಕಣ್ಣು ಯಾವಾಗಿಂದ ಕಾಣಲ್ಲ ಅತ್ತೆ?"

ಅವರ ಕೈ ನಿಂತಿತು. ಅಕ್ಕಪಕ್ಕ ನೋಡಿದರು. ಅಲ್ಲಿದ್ದದ್ದು ಹಸು ಮತ್ತು ಕರು.

"ಚೊಂಬು ನೀನಿಟ್ಟಿದ್ದಾ? ನನಗೆ ಆಗ್ಲೇ ಅನುಮಾನ ಬಂತು," ಎಂದರು. "ಪೊರೆ ಬಂದೈತೆ. ಎದುರಿಗೆ ನಿಂತೋರು ನೆಳ್ಳು ಕಂಡಂಗೆ ಕಾಣ್ತಾರಂತೆ. ಗುಡ್ಡ ಗಿಡ್ಡ ಏನೂ ಇಲ್ಲ. ಬಾಳ ವರ್ಷ ಆತು."

"ಆಪರೇಷನ್ ಮಾಡಿಸಿದ್ರೆ ಒಂದು ದಿನದ ಕೆಲಸ."

"ಕಪ್ಪು ಕನ್ನಡಕ ಹಾಕ್ಕಂಡು ಬಂದ್ರೆ ಊರೋರು ಕೇಳಲ್ವಾ, ಇಷ್ಟು ದಿನ ಏನು ನೋಡ್ಕಂಡು ಹೇಳ್ತಿದ್ರಿ ಅಂತ? ಅದಕ್ಕೇ ಬ್ಯಾಡ ಅಂತಾರೆ."

ನನಗೆ ನಗು ಬಂತು, ನಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆದಿತ್ತು. ಬಲಕ್ಕೆ ಇಡಬೇಕೋ ಎಡಕ್ಕೆ ಇಡಬೇಕೋ ಎಂದು ನಿರ್ಧಾರ ಮಾಡುತ್ತಿದ್ದವರು ಅತ್ತೆ. ಹಾಗಾದರೆ ಇಷ್ಟು ವರ್ಷ ಬಿದಿರಕೊಪ್ಪದಲ್ಲಿ ಯಾವ ಮಾತು ಗಟ್ಟಿ, ಯಾವುದು ಪೊಳ್ಳು ಎಂದು ತೀರ್ಮಾನಿಸಿದ್ದು ಯಾರು? ಜಗಲಿಯ ಪಂಚಾಯ್ತಿಯಲ್ಲಿ ಕೂರುವುದಿರಲಿ, ಅಲ್ಲಿ ನಿಂತು ಕೇಳಲಿಕ್ಕೂ ಅವಕಾಶವಿಲ್ಲದ ಈ ಹೆಂಗಸು.

"ಮಾಳಮ್ಮನ ಗಂಡ ಕುಡಿಯದು ಬಿಡ್ತೀನಿ ಅಂದ ದಿನ ಗುಡ್ಡ ಕಂಡಿತ್ತಾ ಅತ್ತೆ?" ಎಂದು ಕೇಳಿದೆ. ಆ ಮಾತು ಗಟ್ಟಿಯಾಗಿ ನಿಂತು ಅವನು ಈಗಲೂ ಮಜ್ಜಿಗೆ ಕುಡಿದುಕೊಂಡು ಗೊಣಗುತ್ತಿರುವುದು ಊರಿಗೇ ಗೊತ್ತು.

"ಅರ್ಧ ಕಂಡಿತ್ತು," ಎಂದರು ಅತ್ತೆ. "ಇನ್ನರ್ಧ ನಾನು ಕಂಡೆ."

ಆ ಕ್ಷಣದಲ್ಲಿ ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಮುಂದಿನ ಪ್ರಶ್ನೆ ಕೇಳದೆ ಇದ್ದಿದ್ದರೆ ಮುಟ್ಟುತ್ತಿದ್ದೆನೇನೋ.

"ನಮ್ಮಪ್ಪ ಬಂದ ದಿನ ಚೊಂಬು ಎಲ್ಲಿಟ್ಟಿದ್ರಿ?"

"ಎಡಕ್ಕೆ."

"ಯಾಕೆ?"

"ಗುಡ್ಡದ ಬುಡವೂ ಕಾಣ್ತಿರ್ಲಿಲ್ಲ. ಕಂಡಿದ್ರೂ ಎಡಕ್ಕೇ ಇಡ್ತಿದ್ದೆ," ಎಂದರು, ಮುಚ್ಚುಮರೆ ಇಲ್ಲದೆ. "ನನಗೆ ಸೊಂಟ ನೋವು ಮಾರಾಯ್ತಿ. ಸೊಸೆ ಬಂದ್ರೆ ಮನೇಲಿ ಇರ್ಲಿ ಅಂತ ಆಸೆ ಇತ್ತು."

ಕಾಲು ಮುಟ್ಟುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಮಾಳಮ್ಮನ ಮನೆಗೆ ನ್ಯಾಯ, ನನ್ನ ಪಾಲಿಗೆ ಸೊಂಟನೋವು. ಅವತ್ತಿನಿಂದ ಅವರು ಚೊಂಬನ್ನು ನನ್ನ ಕೈಗೆ ಸಿಗದ ಹಾಗೆ ದೇವರ ಗೂಡಿನ ಪಕ್ಕ ಇಡತೊಡಗಿದರು. ನಾನೂ ಅವರ ಸೊಂಟಕ್ಕೆ ನನ್ನಿಂದ ಸುಖ ಸಿಗದ ಹಾಗೆ ನೋಡಿಕೊಂಡೆ. ರೊಟ್ಟಿ ಸುಡುವಾಗ ಅಂಚು ಸಮ ಇಲ್ಲವೆಂದು ಮತ್ತೆ ಹಿಟ್ಟು ಕಲಸಿದೆ. ಅಂಗಳದ ಬಟ್ಟೆ ಹಗ್ಗ ಓರೆಯಾಗಿದೆ ಎಂದು ಕಿತ್ತು ಗೂಟ ಹುಗಿಯಲು ಒಂದು ದಿನ ಹಿಡಿಸಿದೆ, ಅವತ್ತು ಒಗೆದ ಬಟ್ಟೆ ಒಗೆದಲ್ಲೇ ಇತ್ತು. ಸೌದೆ ಒಟ್ಟಿದ್ದು ಗೋಡೆಗೆ ನೇರವಿಲ್ಲವೆಂದು ಪೂರ್ತಿ ಇಳಿಸಿದೆ, ತಿರುಗಿ ಒಟ್ಟುವ ಹೊತ್ತಿಗೆ ನನಗೆ ತಲೆನೋವು ಬಂತು. ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತೆ ನನ್ನನ್ನು ಕಂಡರೆ ಸೊಂಟ ಹಿಡಿದುಕೊಳ್ಳುತ್ತಿದ್ದರು.

ಶ್ರಾವಣದಲ್ಲಿ ಸೊರಬದ ಕಚೇರಿಯಿಂದ ಫೋನ್ ಬಂತು. ಒಂದು ಹೋಬಳಿಗೆ ಸರ್ವೇಯರ್ ಬೇಕಾಗಿದ್ದಾರೆ, ಗೌರಿ ಹಬ್ಬ ಕಳೆದ ಮೇಲಿನ ಸೋಮವಾರ ಬಂದು ಹಾಜರಾಗುವುದಾದರೆ ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದರು. ಇದು ತಪ್ಪಿದರೆ ಇನ್ನೊಂದು ಯಾವಾಗಲೋ. ಮಾವನನ್ನು ಕೇಳಿದೆ. ಹೊರಗೆ ಧೋ ಎಂದು ಸುರಿಯುತ್ತಿತ್ತು.

"ಹೋಗು ಮಗ, ಧಾರಾಳಾಗಿ ಹೋಗು," ಎಂದರು. "ಅದನ್ನೂ ಕೇಳ್ಬೇಕಾ?"

ಅವರ ಪ್ರೀತಿಗೆ ನನ್ನ ಕಣ್ಣಲ್ಲಿ ನೀರೇ ಬಂತು, ಸಿಟ್ಟಿನ ನೀರು. ಮೂರು ದಿನ ಇದೇ ಧಾರಾಳ. ನಾಲ್ಕನೆಯ ಬೆಳಿಗ್ಗೆ ಮೋಡ ಸ್ವಲ್ಪ ಸರಿದು, ಅತ್ತೆ ಚೊಂಬು ಬಲಕ್ಕೆ ಇಟ್ಟಾಗ ಮತ್ತೆ ಕೇಳಿದೆ. ಯಾವ ಕೆಲಸ ಎಂದರು ಮಾವ. ಗಂಡನಿಗೆ ಹೇಳಿದೆ. ಚೌಡೇಶ್ ಹೊರಗೆ ಇಣುಕಿ ಗುಡ್ಡ ನೋಡಿ, ನೋಡಾಣ ಎಂದರು.

ಅವತ್ತು ಸಂಜೆ ಹಿತ್ತಲಲ್ಲಿ ಅತ್ತೆಯ ಎದುರು ಹೋಗಿ ನಿಂತೆ. ನನಗೆ ಬೆದರಿಸುವ ಅಭ್ಯಾಸವಿಲ್ಲ, ಆದರೆ ಮನೆಯಲ್ಲಿ ಕೂತು ಕೂತು ಕಲಿತಿದ್ದೆ.

"ಗೌರಿ ಬಾಗಿನ ತಗಂಡು ನಮ್ಮಪ್ಪ ಬರ್ತಾರೆ. ಜಗಲಿ ತುಂಬಾ ಜನ ಇರ್ತಾರೆ. ಮಾವನ ಎದುರಿಗೆ ನಾಕು ಬೆರಳು ಹಿಡಿದು ಇದು ಎಷ್ಟು ಹೇಳಿ ಅಂತ ಕೇಳ್ತೀನಿ."

ನಾನು ಹಾಗೆ ಮಾಡುತ್ತೇನೆ ಎಂಬುದರಲ್ಲಿ ಅತ್ತೆಗೆ ಅನುಮಾನವಿದ್ದಂತೆ ಕಾಣಲಿಲ್ಲ. ಹೇಗೂ ನಾನು ಮನೆಯಲ್ಲಿದ್ದು ಅವರಿಗೆ ಸಿಕ್ಕ ಲಾಭವೂ ಅಷ್ಟರಲ್ಲೇ ಇತ್ತು.

"ಅವರ ಮರ್ಯಾದೆ ತೆಗೀಬ್ಯಾಡ," ಎಂದರು ಕೊನೆಗೆ. "ಹಬ್ಬದ ದಿನ ಗುಡ್ಡ ಕಂಡ್ರೆ ನಾನು ಚೊಂಬು ಎಡಕ್ಕಿಡ್ತೀನಿ. ಮೋಡ ಅನ್ಕಂಡು ಅವರು ಮಾತು ಕೊಡ್ತಾರೆ. ಊರೋರು ಗುಡ್ಡ ನೋಡ್ತಾರೆ. ಆಮೇಲೆ ತಪ್ಪುಸ್ಕಳಕ್ಕೆ ಆಗಲ್ಲ."

"ಅವತ್ತು ಗುಡ್ಡ ಕಾಣದಿದ್ರೆ?"

"ಅದು ನಿನ್ನ ಹಣೇಬರ. ಕಂಡ್ರೆ ಮಾತ್ರ ನೀನು ನನಗೊಂದು ಮಾತು ಕೊಡ್ಬೇಕು, ಅವರಿಗೆ ಕಣ್ಣು ಕಾಣಲ್ಲ ಅಂತ ಯಾರಿಗೂ ಹೇಳಲ್ಲ ಅಂತ. ಈಗ ಬ್ಯಾಡ, ಈಗ ಮೋಡ ಐತೆ. ಅವತ್ತೇ, ಗುಡ್ಡ ಕಾಣ್ತಿದ್ದಂಗೇ."

ಆಗಲಿ ಅತ್ತೆ ಎಂದೆ. ಅಲ್ಲಿಂದ ಹಬ್ಬದ ತನಕ ನಾನು ನೋಡಿದಷ್ಟು ಆಕಾಶವನ್ನು ಹವಾಮಾನದವರೂ ನೋಡಿರಲಿಕ್ಕಿಲ್ಲ. ಗುಡ್ಡವನ್ನು ಹೀಯಾಳಿಸಿಕೊಂಡೇ ಬದುಕಿದವಳು ಬೆಳಿಗ್ಗೆ ಬಾಗಿಲು ತೆಗೆದು ಅದಕ್ಕೆ ಕೈಮುಗಿಯತೊಡಗಿದೆ.

ಗೌರಿ ಹಬ್ಬದ ಬೆಳಿಗ್ಗೆಯೂ ಬೂದು ಮೋಡ. ಅಪ್ಪ ಬಾಗಿನದ ಮೊರ ಹೊತ್ತು ಬಂದರು. ಮದುವೆಯ ಮೊದಲ ವರ್ಷದ ಬಾಗಿನ ಎಂದು ಊರಿನ ಹತ್ತು ಜನ ಸೇರಿದರು. ದ್ಯಾಮಮ್ಮನ ದಾರಿ ಕೇಳಿ ಕೇಳಿ ಸುಸ್ತಾಗಿದ್ದ ಹೆಗಡೆಯವರೂ ಹಬ್ಬದ ನೆಪದಲ್ಲಿ ಬಂದು ಕೂತರು. ಕಾಫಿ ಆಗುವ ಹೊತ್ತಿಗೆ ಗಾಳಿ ಬೀಸಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮೊದಲು ಗುಡ್ಡದ ಸೊಂಟ ಕಂಡಿತು, ಆಮೇಲೆ ಭುಜ, ಆಮೇಲೆ ಮೋಡವನ್ನು ಒಮ್ಮೆಲೇ ಕೆಳಗೆ ಜಾರಿಸಿ ಇಡೀ ಗುಡ್ಡ ಹಸಿರಾಗಿ ಹೊರಬಂತು.

ಅತ್ತೆ ಚೊಂಬು ಎತ್ತಿಕೊಂಡರು. ಬಾಗಿಲ ಹತ್ತಿರ ಒಮ್ಮೆ ನಿಂತರು. ಅಷ್ಟು ವರ್ಷದ ಗಂಡ, ಅಷ್ಟು ವರ್ಷದ ನಂಬಿಕೆ, ಹೋಗುತ್ತಾರೋ ಇಲ್ಲವೋ. ಹೋದರು. ಎಡಕ್ಕೆ ಇಟ್ಟರು.

ಅಪ್ಪ ಕೇಳಿದರು. "ಬೀಗರ, ಹೋದ ವರ್ಷ ಒಂದು ಮಾತು ಆಗಿತ್ತಲ್ರಿ, ಹುಡುಗಿ ಕೆಲಸದ್ದು. ಸೋಮವಾರ ಕರದಾರಂತ."

ಮಾವನ ಕೈ ಚೊಂಬಿನ ಮೇಲೆ ಇತ್ತು. ಎಡ. ಅವರ ಮುಖ ಮಳೆಗಾಲದ ಮುಖವಾಯಿತು. ಬೀಗರು ಬೇರೆ, ಹಬ್ಬ ಬೇರೆ, ಎದುರಿಗೆ ಜನ ಬೇರೆ. ಧಾರಾಳತನ ಉಕ್ಕಿ ಬಂತು.

"ಅದೇನು ಕೇಳ್ತೀರಿ ಬೀಗರೇ. ಸೋಮವಾರ ನಾನೇ ಬಸ್ ಹತ್ತಿಸ್ತೀನಿ. ನನ್ನ ಸೊಸೆ ಅಳತೆ ಮಾಡ್ದೆ ಇನ್ಯಾರು ಮಾಡ್ಬೇಕು? ಬೇಕಿದ್ರೆ ನಮ್ಮ ಗದ್ದೆನೇ ಮೊದಲು ಅಳೀಲಿ. ಬೇಲಿ ಆಚೆ ಹೋಗಿದ್ರೆ ಈಚೆ ತಂದ್ರಾತು. ಎಲ್ರ ಎದುರಿಗೂ ಮಾತು ಕೊಟ್ಟೆ."

ಗುಡ್ಡ ಕಾಣುವಾಗ ಇಷ್ಟು ದೊಡ್ಡ ಮಾತನ್ನು ಬಿದಿರಕೊಪ್ಪದಲ್ಲಿ ಯಾರೂ ಕೊಟ್ಟದ್ದಿರಲಿಲ್ಲ. ಮೊದಲು ಬಾಯಿ ಬಿಟ್ಟವಳು ದ್ಯಾಮಮ್ಮ.

"ನಾಗರಾಜಪ್ಪಣ್ಣ ಗುಡ್ಡ ನೋಡ್ಕಂಡೇ ಹೇಳ್ಬಿಟ್ರಲ್ಲ," ಎಂದಳು. "ತೊಳೆದಿಟ್ಟಂಗೆ ಕಾಣ್ತೈತೆ ಇವತ್ತು."

"ಒಂದು ಚೂರೂ ಮೋಡ ಇಲ್ಲ," ಎಂದು ಹೆಗಡೆಯವರು ಕನ್ನಡಕ ಸರಿಮಾಡಿಕೊಂಡರು. "ಮಾತು ಅಂದರೆ ಹೀಗಿರಬೇಕು ನೋಡಿ."

ಮಾವನ ಬೆರಳು ಚೊಂಬಿನ ಅಂಚಿನ ಮೇಲೆ ಅಲ್ಲಿಂದಿಲ್ಲಿಗೆ ಓಡಾಡಿತು. ಬಲಗಡೆಯೂ ಒಮ್ಮೆ ತಡಕಿ ನೋಡಿದರು, ಅಲ್ಲಿ ಇನ್ನೊಂದು ಚೊಂಬು ಇರಬಹುದೇ ಎಂಬಂತೆ. ತಮಗೆ ಕಾಣಲಿಲ್ಲ ಎಂದು ಹೇಳಿದರೆ ಕೊಟ್ಟ ಮಾತಿನಿಂದ ಪಾರಾದಂತೆ, ಆದರೆ ಮಾನ ಹೋದಂತೆ. ಅವರು ಹೇಳಲಿಲ್ಲ. ಕತ್ತು ನಿಧಾನಕ್ಕೆ ಎತ್ತಿ, ಗಂಟಲು ಸರಿಮಾಡಿಕೊಂಡು, ತಾವು ಬಹಳ ವರ್ಷದಿಂದ ನೋಡದ ಗುಡ್ಡದ ಕಡೆ ಮುಖ ಮಾಡಿದರು.

"ಕಾಣ್ತು," ಎಂದರು.

ದನಿ ಸಣ್ಣಗಿತ್ತು. ಒಂದು ಗಳಿಗೆ ಪಾಪ ಅನ್ನಿಸಿತು. ಗಳಿಗೆ ಮಾತ್ರ. ಅಪ್ಪ ಆಗಲೇ ಕಣ್ಣು ಒರೆಸಿಕೊಳ್ಳಲು ಶುರುಮಾಡಿದ್ದರು. ಬೀಗರು ದೇವರಂಥವರು ಎಂದು ಮತ್ತೆ ನಾಲ್ಕು ಜನಕ್ಕೆ ಹೇಳಿದರು.

ಇನ್ನು ಅತ್ತೆಯ ಮಾತಿನ ಸರದಿ. ಊಟಕ್ಕೆ ಎಲೆ ಹಾಕುವಾಗಲೇ ಅವರು ಹಿತ್ತಲ ಬಾಗಿಲಿನಿಂದ ಕಣ್ಸನ್ನೆ ಮಾಡಿದರು, ಬಾ, ಗುಡ್ಡ ಇನ್ನೂ ಇದೆ ಎಂದು. ಬಂದೆ ಅತ್ತೆ ಎಂದೆ. ಅಪ್ಪನಿಗೆ ಕಡುಬು ಬಡಿಸಿದೆ. ತವರಿನಿಂದ ಬಂದವರಿಗೆ ಒತ್ತಾಯ ಮಾಡದಿದ್ದರೆ ಹೇಗೆ, ಇನ್ನೊಂದು ಬಡಿಸಿದೆ. ಹೆಗಡೆಯವರಿಗೆ ತುಪ್ಪ ಕಡಿಮೆಯಾಯಿತೆಂದು ಡಬ್ಬಿ ಹುಡುಕಿದೆ. ಅತ್ತೆ ಮತ್ತೆ ಬಾಗಿಲಿಗೆ ಬಂದು ಹೋದರು. ಮಾವನ ಎಲೆಗೆ ಪಾಯಸ ಹಾಕಿ, ಸರಿಯಾಗಿ ಎಲೆಯ ಬಲಕ್ಕೆ ಲೋಟ ಇಟ್ಟೆ. ಕಿಟಕಿಯಲ್ಲಿ ಕೆಳಗಿನಿಂದ ಬಿಳಿ ಮೋಡ ಗುಡ್ಡ ಹತ್ತುತ್ತಿತ್ತು. ಅದಕ್ಕೆ ಅವಸರ ಇರಲಿಲ್ಲ. ನನಗೂ ಇರಲಿಲ್ಲ.

ಕೈ ತೊಳೆದು ಹಿತ್ತಲಿಗೆ ಹೋಗುವ ಹೊತ್ತಿಗೆ ಎದುರಿಗೆ ಬರೀ ಬಿಳಿ. ಅತ್ತೆ ಬಟ್ಟೆ ಹಗ್ಗದ ಪಕ್ಕ ನಿಂತು ಅತ್ತಲೇ ನೋಡುತ್ತಿದ್ದರು.

"ಬೇಕಂತಲೇ ತಡ ಮಾಡ್ದೆ," ಎಂದರು.

"ಇಲ್ಲ ಅತ್ತೆ, ಕೈ ಚಾಚಿ." ಅವರ ಕೈಮೇಲೆ ಕೈಯಿಟ್ಟು ಮನಸಾರೆ ಹೇಳಿದೆ. "ಮಾವಂಗೆ ಕಣ್ಣು ಕಾಣಲ್ಲ ಅಂತ ಯಾರಿಗೂ ಹೇಳಲ್ಲ. ಮಾತು ಕೊಟ್ಟೆ."

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಈಗ ಈ ಊರಿಗೆ ಸೊಸೆ ಆದೆ," ಎಂದು ಹೇಳಿ ಒಳಗೆ ಹೋದರು. ನನಗೆ ಅವರ ಮೇಲೆ ಪ್ರೀತಿ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆಗಡೆ, ದ್ಯಾಮಮ್ಮ, ನನ್ನ ಯಜಮಾನರು ಎಲ್ಲರೂ ತಲೆಬಾಗಿಸಿದ ತೀರ್ಪುಗಳು ಯಾರ ಕೈಯಿಂದ ಬಂದವು ಎಂದು ಲೋಕದಲ್ಲಿ ಒಬ್ಬರಿಗೂ ಗೊತ್ತಾಗದೆ ಹೋಗುವುದು ನನ್ನಿಂದ ಸಹಿಸಲಾಗುವ ವಿಷಯವಲ್ಲ. ಸೋಮವಾರ ಸೊರಬದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಮೊದಲು ಹೇಳಿದೆ, ಈಗ ನಿಮಗೆ ಹೇಳುತ್ತಿದ್ದೇನೆ.